ಯಾರೂ ನಿಲ್ಲದ ಜಾಗ

ಅದು ಒಂದು ಸಾಮಾನ್ಯ ಮಂಗಳವಾರ. ಕೆರೆಯ ನಡುವಿನ ಬಂಡೆಯ ಮೇಲೆ ಗಂಟೆ ಎಂದಿನಂತೆ ಐದು ಬಾರಿ ಬಡಿಯಿತು. ಊರು ಎಂದಿನಂತೆ ಎದ್ದು ಕಣ್ಣುಜ್ಜಿಕೊಂಡಿತು. ಗಂಟೆ ಬಾರಿಸಿದ ನನ್ನ ಅಕ್ಕ ಎಂದಿನಂತೆ ಈಜಿಕೊಂಡು ದಡ ಸೇರಿ, ಒದ್ದೆ ಕೂದಲಿನಲ್ಲೇ ಮನೆಗೆ ನಡೆದು ಬಂದಳು. ನಾನು ಜಗಲಿಯ ಮೇಲೆ ಕೂತು ಶಾಲೆಯ ಮಕ್ಕಳ ಲೆಕ್ಕದ ಪುಸ್ತಕಗಳನ್ನು ತಿದ್ದುತ್ತಿದ್ದೆ.

"ಇವತ್ತು ನೀರು ಬಹಳ ತಣ್ಣಗಿತ್ತು ಕಣೋ ತಮ್ಮ," ಅಂದಳು.

ನಾನು ತಲೆ ಎತ್ತಲಿಲ್ಲ. "ನೀರು ನಿನ್ನೆ ಇದ್ದ ಹಾಗೇ ಇದೆ ಅಕ್ಕ. ಚಳಿ ಹತ್ತಿರುವುದು ನಿನಗೆ," ಅಂದೆ.

"ಆಯ್ತಪ್ಪಾ, ನೀರಿನದೇನೂ ತಪ್ಪಿಲ್ಲ," ಎಂದು ನಕ್ಕು ಒಳಗೆ ಹೋದಳು. ಚಾಪೆ ಹಾಸಿಕೊಂಡು ಮಲಗಿದಳು. ಕೂದಲು ಒರೆಸಿಕೊಳ್ಳಲಿಲ್ಲ. ಹದಿನೇಳನೆಯ ಪುಸ್ತಕ ಮುಗಿಸಿ ನಾನು ಗಂಜಿಗೆ ಕರೆದಾಗ ಅವಳು ಏಳಲಿಲ್ಲ.

ಹೀಗೆ, ನನ್ನನ್ನು ಏಳನೆಯ ವಯಸ್ಸಿನಿಂದ ಸಾಕಿದ ಅಕ್ಕನಿಗೆ ನಾನು ಆಡಿದ ಕೊನೆಯ ಮಾತು ಒಂದು ತಿದ್ದುಪಡಿ. ತಿದ್ದುಪಡಿ ಸರಿಯಾಗಿಯೇ ಇತ್ತು ಎಂದು ಹನ್ನೆರಡು ದಿನ ನಂಬಿಕೊಂಡಿದ್ದೆ. ನಾನು ಎಂಥವನೆಂದು ತಿಳಿಯಲು ಇಷ್ಟು ಸಾಕು.

ನಮ್ಮ ಊರಿನಲ್ಲಿ ಕಟ್ಟಳೆಗಳನ್ನು ಪುಸ್ತಕದಲ್ಲಿ ಬರೆಯುವುದಿಲ್ಲ, ನೆಲದ ಮೇಲೆ ಬರೆಯುತ್ತೇವೆ. ಊರ ಮುಂದೆ ಸಗಣಿ ಸಾರಿಸಿದ ದೊಡ್ಡ ಕಣವಿದೆ. ವರ್ಷಕ್ಕೊಮ್ಮೆ, ಬರೆಯುವ ದಿನ, ಅಲ್ಲಿ ಗೂಟ ನೆಟ್ಟು, ಗೂಟಕ್ಕೆ ಹಗ್ಗ ಕಟ್ಟಿ, ಹಗ್ಗದ ತುದಿ ಹಿಡಿದು ಸುಣ್ಣದ ಪುಡಿ ಉದುರಿಸುತ್ತ ಒಂದು ಸುತ್ತು ನಡೆಯುತ್ತಾರೆ. ಅದು ವೃತ್ತ. ಊರಿನವರು ಅದನ್ನು ಬಳೆ ಎನ್ನುತ್ತಾರೆ. ಬಳೆಯಲ್ಲ, ವೃತ್ತ ಎಂದು ನಾನು ಮೂವತ್ತು ವರ್ಷ ಹೇಳಿದೆ. ಅವರು ಮೂವತ್ತು ವರ್ಷ ಹೌದು ಹೌದು ಎಂದು ಬಳೆಯೆಂದೇ ಅಂದರು.

ಒಂದೊಂದು ಬಳೆ ಒಂದೊಂದು ಬಗೆಯ ಜನರಿಗೆ. ಯಾರಿಗೆ ಯಾವ ಮಾತು ನಿಜವೋ ಅವರು ಆ ಬಳೆಯೊಳಗೆ ನಿಲ್ಲಬೇಕು. ಎರಡು ಮಾತು ನಿಜವಾದವರು, ಎರಡು ಬಳೆಗಳು ಒಂದರ ಮೇಲೊಂದು ಬಿದ್ದ ಜಾಗದಲ್ಲಿ ನಿಲ್ಲಬೇಕು. ಒಂದೂ ನಿಜವಲ್ಲದವರು ಗೆರೆಗಳ ಆಚೆ ನಿಂತು ಕಡಲೆ ತಿನ್ನಬಹುದು. ಎಲ್ಲರೂ ನಿಂತ ಮೇಲೆ, ಕಟ್ಟಳೆ ಯಾರಿಗೆ ಹೌದು ಎನ್ನುತ್ತದೋ ಅವರ ಕಾಲ ಕೆಳಗೆ ಕೆಮ್ಮಣ್ಣು ಚೆಲ್ಲುತ್ತಾರೆ. ಇಲ್ಲ ಎನ್ನುವ ಜಾಗ ಬರಿ ನೆಲವಾಗಿಯೇ ಉಳಿಯುತ್ತದೆ. ಆಮೇಲೆ ವರ್ಷವಿಡೀ ವಾದವಿಲ್ಲ. ಅನುಮಾನ ಬಂದವರು ಕಣಕ್ಕೆ ಹೋಗಿ ತಮ್ಮ ಜಾಗದಲ್ಲಿ ನಿಂತು ಕಾಲ ಕೆಳಗೆ ನೋಡಿಕೊಳ್ಳುತ್ತಾರೆ. ಕೆಂಪಿದ್ದರೆ ಆ ಕೆಲಸ ಅವರದು.

ನಿಯಮ ಒಂದೇ. ಯಾರಾದರೂ ನಿಂತ ಜಾಗಕ್ಕೆ ಗೆರೆ ಇರಲೇಬೇಕು, ಯಾರೂ ನಿಲ್ಲದ ಜಾಗದ ಸುತ್ತ ಗೆರೆ ಎಳೆಯಬಾರದು.

ಹೊಳೆಯಾಚೆಯ ಊರಿನಲ್ಲಿ ಹಾಗಲ್ಲ. ಅಲ್ಲಿ ಆಗಬಹುದಾದ ಜಾಗಗಳನ್ನೆಲ್ಲ ಮೊದಲು ಬರೆದು, ಖಾಲಿಯಾದವುಗಳ ಮೇಲೆ ಇದ್ದಿಲ ಪುಡಿ ಚೆಲ್ಲುತ್ತಾರೆ. ಅವರ ಕಣದಲ್ಲಿ ಜನರಿಗಿಂತ ಇದ್ದಿಲು ಹೆಚ್ಚು. ನಾಲ್ಕು ಮಾತು ಸೇರಿದರೆ ಹದಿನಾರು ಜಾಗ ಬೇಕು, ನಾಲ್ಕು ವೃತ್ತಗಳನ್ನು ಹೇಗೆ ಇಟ್ಟರೂ ಹದಿನಾಲ್ಕಕ್ಕಿಂತ ಹೆಚ್ಚು ಸಿಗುವುದಿಲ್ಲ, ಅದಕ್ಕೆ ಪಾಪ ಅವರು ಹಾವಿನಂಥ ಗೆರೆ ಎಳೆಯುತ್ತಾರೆ ಎಂದು ನಾನು ಪ್ರತಿವರ್ಷ ಮಕ್ಕಳಿಗೆ ಹೇಳಿ ನಗಿಸುತ್ತಿದ್ದೆ. "ಇಲ್ಲದವರಿಗೂ ಮನೆ ಕಟ್ಟಿಕೊಡುವ ಊರು," ಎನ್ನುತ್ತಿದ್ದೆ. ಮಕ್ಕಳು ನಗುತ್ತಿದ್ದರು. ನಾನೇ ಮೊದಲು ನಗುತ್ತಿದ್ದೆ.

ಶಾಲೆಯಲ್ಲಿ ಪಾಠ ಹೇಳುವುದು, ಕಣದಲ್ಲಿ ಗೆರೆ ಎಳೆಯುವುದು, ಇವೆರಡೂ ನನ್ನ ಕೆಲಸ. ಗೂಟ ನನ್ನದು, ಹಗ್ಗ ನನ್ನದು.

ಗಂಟೆಯ ಕಟ್ಟಳೆಗೆ ಮೂರು ಬಳೆಗಳಿದ್ದವು. ಬೇಗ ಏಳುವವರು, ಈಜುವವರು, ಬೇರೆಯವರ ತಪ್ಪು ತಿದ್ದುವವರು. ಬೇಗ ಏಳುವ, ಈಜಬಲ್ಲ, ತಿದ್ದದವರು ಮಾತ್ರ ಗಂಟೆ ಬಾರಿಸಬೇಕು. ಗಂಟೆ ಕೆರೆಯ ನಡುವೆ ಇರುವುದರಿಂದ ಈಜು ಬೇಕು. ಊರನ್ನು ಎಬ್ಬಿಸುವವರು ಊರಿಗಿಂತ ಮೊದಲು ಎದ್ದಿರಬೇಕು. ತಿದ್ದುವವರು ಯಾಕೆ ಬೇಡವೆಂದರೆ, ಹಿಂದೆ ಅಂಥವನೊಬ್ಬ ಗಂಟೆ ಬಾರಿಸುತ್ತಿದ್ದನಂತೆ. ಒಂದು ದಿನ ಒಂದು ಬಡಿತ ಹೆಚ್ಚಾಯಿತೆಂದು ಮತ್ತೆ ಮೊದಲಿನಿಂದ ಬಾರಿಸಿದ. ಎರಡನೆಯ ಸಲದ್ದು ಲೆಕ್ಕಕ್ಕಿಲ್ಲವೆಂದು ತಿಳಿಸಲು ಮೂರನೆಯ ಸಲ ಬಾರಿಸಿದ. ಹೀಗೇ ಮುಂದುವರಿದು ಅವತ್ತು ಊರು ಒಂಬತ್ತು ಸಲ ಎದ್ದಿತು.

ಮೂರು ಬಳೆಗಳು ಸಾಲಾಗಿ ಇದ್ದವು. ನಡುವೆ ಬೇಗ ಏಳುವವರದು. ಅದರಲ್ಲಿ ಹಾಲಿನವಳು, ಹೂ ಬಿಡಿಸುವವರು. ಬಲಕ್ಕೆ ಈಜುವವರದು. ಅದರಲ್ಲಿ ಬಲೆ ಹಾಕುವವರು. ಎಡಕ್ಕೆ ತಿದ್ದುವವರದು. ಅದರಲ್ಲಿ ಕಟ್ಟೆಯ ಮೇಲೆ ಕೂತು ದಾರಿಹೋಕರ ನಡಿಗೆಯಲ್ಲೂ ತಪ್ಪು ಹುಡುಕುವ, ಆದರೆ ಬಿಸಿಲೇರಿದ ಮೇಲೆ ಏಳುವ ಮುದುಕರು. ನಡುವಿನ ಬಳೆಯೂ ಎಡಗಡೆಯ ಬಳೆಯೂ ಕೂಡುವ ಜಾಗದಲ್ಲಿ ನಾನು, ಊರ ಯಜಮಾನ, ದರ್ಜಿ. ನಡುವಿನ ಬಳೆಯೂ ಬಲಗಡೆಯ ಬಳೆಯೂ ಕೂಡುವ ಜಾಗದಲ್ಲಿ ನನ್ನ ಅಕ್ಕ. ಅವಳೊಬ್ಬಳೇ. ಇಡೀ ಕಣದಲ್ಲಿ ಆ ಕಟ್ಟಳೆಗೆ ಅದೊಂದೇ ಕೆಂಪು. ಈಜುವವರ ಬಳೆಯೂ ತಿದ್ದುವವರ ಬಳೆಯೂ ಎಲ್ಲೂ ಮುಟ್ಟುತ್ತಿರಲಿಲ್ಲ. ಈಜುವವರು ಯಾರನ್ನೂ ತಿದ್ದುವುದಿಲ್ಲ. ಬಾಯಿ ತೆರೆದರೆ ನೀರು ಹೋಗುತ್ತದೆ.

ಮೊದಲ ವರ್ಷ ತನ್ನ ಜಾಗದಲ್ಲಿ ನಿಂತು ಅಕ್ಕ ನನ್ನನ್ನು ಕರೆದಿದ್ದಳು. "ನಾನೊಬ್ಬಳು ನಿಲ್ಲೋಕೆ ಇಷ್ಟು ದೊಡ್ಡ ಜಾಗ ಯಾಕೋ? ಹಗ್ಗ ಬಿಚ್ಚಿಕೊಂಡ ಕರು ಥರ ಕಾಣ್ತೀನಿ. ಚಿಕ್ಕದು ಮಾಡು."

"ಮೂರು ಹೆಜ್ಜೆಗಿಂತ ಕಡಿಮೆ ಅಗಲದ ಜಾಗ ಬರೆಯುವ ಪದ್ಧತಿ ಇಲ್ಲ," ಅಂದೆ.

"ನನ್ನ ಕಾಲು ಎಷ್ಟು ಅಗಲ ನೋಡು."

ನೋಡಿದೆ. ಅಳೆಯಲು ಹೇಳಿದರೆ ಬಿಡುವವನಲ್ಲ ನಾನು. ಎರಡು ಪಾದ ಜೋಡಿಸಿ ನಿಂತರೆ ಅವಳಿಗೆ ಬೇಕಾದದ್ದು ಒಂದು ಗೇಣಿಗೆ ಎರಡು ಬೆರಳು ಕಡಿಮೆ. ಅಳತೆಯನ್ನು ಅವಳಿಗೆ ಹೇಳಿದೆ. ಜಾಗವನ್ನು ಮೂರು ಹೆಜ್ಜೆಯಾಗಿಯೇ ಬಿಟ್ಟೆ. ಇಪ್ಪತ್ತಮೂರು ವರ್ಷ ಅವಳು ಆ ದೊಡ್ಡ ಜಾಗದ ನಡುವೆ ನಿಂತು, ಪ್ರತಿವರ್ಷ ನನ್ನ ಕಡೆ ನೋಡಿ ಕರುವಿನಂತೆ ಒಂದು ಸಲ "ಅಂಬಾ" ಎನ್ನುತ್ತಿದ್ದಳು. ಊರೆಲ್ಲ ನಗುತ್ತಿತ್ತು.

ಅಕ್ಕ ಹೋದ ಹನ್ನೆರಡನೆಯ ದಿನ ಕರೆಯುವವಳು ಮನೆಗೆ ಬಂದಳು. ಬರೆಯುವ ದಿನ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು ಅವರವರ ಜಾಗದಲ್ಲಿ ನಿಲ್ಲಿಸುವ ಮುದುಕಿ ಅವಳು. ಊರಿನ ಯಾರ ಹೆಸರೂ ಅವಳಿಗೆ ಮರೆಯುವುದಿಲ್ಲ. ಸಂಖ್ಯೆ ಮಾತ್ರ ಅವಳ ತಲೆಯಲ್ಲಿ ನಿಲ್ಲುವುದಿಲ್ಲ.

ಜಗಲಿಯ ಮೇಲೆ ಕೂತು ಎಲೆ ಮಡಚುತ್ತ ಕೇಳಿದಳು. "ಮೇಷ್ಟ್ರೇ, ಈಜೋರ ಗೂಟ ಈ ಸಲ ಎಷ್ಟು ಆಚೆ ಹೋಗುತ್ತೆ?"

"ಏಳು ಹೆಜ್ಜೆ," ಅಂದೆ. ನಾನು ಆಗಲೇ ಲೆಕ್ಕ ಹಾಕಿಟ್ಟಿದ್ದೆ. ಯಾರೂ ನಿಲ್ಲದ ಜಾಗ ಇರಬಾರದೆಂದರೆ ಎರಡು ಬಳೆಗಳು ಬಿಟ್ಟುಕೊಳ್ಳಬೇಕು. ಏಳು ಹೆಜ್ಜೆ ಸರಿದರೆ ಬಿಟ್ಟುಕೊಂಡು ನಡುವೆ ನಾಲ್ಕು ಹೆಜ್ಜೆ ಓಡಾಡುವ ದಾರಿ ಉಳಿಯುತ್ತದೆ.

"ಕೆಂಪೇ ಇಲ್ಲದ ಮೇಲೆ ಗಂಟೆ ಯಾಕೆ ಅಂತ ಯಜಮಾನರು ಹೇಳಿದ್ರು. ಇಳಿಸಿ ಉಗ್ರಾಣಕ್ಕೆ ಹಾಕ್ತಾರಂತೆ."

ನಾನು ಕೇಳಿದೆ. "ಆ ಜಾಗಕ್ಕೆ ಬೇರೆ ಯಾರಾದರೂ ಬಂದರೆ?"

"ಬಂದ್ರೆ ಜಾಗ ಉಳಿಯುತ್ತೆ, ಗಂಟೆನೂ ಉಳಿಯುತ್ತೆ. ಬರೋರು ಯಾರು? ಈಜೋರೆಲ್ಲ ಮಧ್ಯಾಹ್ನ ಏಳೋರು. ಬೇಗ ಏಳೋರೆಲ್ಲ ಮೊಣಕಾಲು ನೀರಿಗೆ ಕಿರುಚೋರು."

"ನಾನು ಬೇಗ ಏಳುತ್ತೇನೆ."

ಅವಳು ನನ್ನನ್ನು ನೋಡಿದಳು. ಆಮೇಲೆ ಎಲೆಯಡಿಕೆ ಗಂಟಲಿಗೆ ಸಿಕ್ಕಿ ಕೆಮ್ಮುವವರೆಗೂ ನಕ್ಕಳು. "ಈಜು ಕಲೀಬಹುದು ಬಿಡಿ ಮೇಷ್ಟ್ರೇ, ಎಮ್ಮೆನೂ ಈಜುತ್ತೆ. ತಿದ್ದೋದು ಬಿಡ್ತೀರಾ?"

"ಬಿಡುತ್ತೇನೆ."

"ಒಂದು ಬಳೆಯಿಂದ ಆಚೆ ಬರಬೇಕಂದ್ರೆ ನಲವತ್ತು ದಿನ ಆಚೆನೇ ಇರಬೇಕು. ಬರೆಯೋ ದಿನಕ್ಕೆ ಉಳಿದಿರೋದೇ ಮೂವತ್ತು ಚಿಲ್ಲರೆ."

ಉಳಿದದ್ದು ನಲವತ್ತೊಂದು. ನಾನು ನಾಲಿಗೆ ಕಚ್ಚಿಕೊಂಡೆ. ಅವಳು ಅದನ್ನು ಕಂಡಳು. "ಶುರುವಾಯ್ತು ಅನ್ನಿ," ಎಂದು ಸೆರಗು ಕೊಡವಿ ಎದ್ದಳು.

ಹೀಗೆ, ಐವತ್ತೆರಡನೆಯ ವಯಸ್ಸಿನಲ್ಲಿ ನಾನು ಅಕ್ಕನ ಜಾಗ ಉಳಿಸಲು ಹೊರಟೆ. ಉಳಿಸುವ ದಾರಿ ಒಂದೇ ಇತ್ತು. ನೀರಿನಲ್ಲಿ ಮುಳುಗದೆ ಇರುವುದು, ನೆಲದ ಮೇಲೆ ತಿದ್ದದೆ ಇರುವುದು. ಮೊದಲನೆಯದು ಸುಲಭವಾಗಿತ್ತು.

ರಾತ್ರಿಯಿಡೀ ಬಲೆ ಹಾಕಿ, ನಸುಕಿನಲ್ಲಿ ಮಲಗಲು ಹೋಗುವ ಮೊದಲು, ಬಲೆಯವನೊಬ್ಬ ನನಗೆ ಈಜು ಕಲಿಸಿದ. ಬೆನ್ನಿಗೆ ಎರಡು ಒಣಗಿದ ಸೋರೆಬುರುಡೆ ಕಟ್ಟಿ ನೀರಿಗೆ ಇಳಿಸಿದ. ನಾನು ತೇಲಿದೆ. ನಾನಲ್ಲ, ಬುರುಡೆಗಳು ತೇಲಿದವು. ನಾನು ಅವುಗಳ ಕೆಳಗೆ ಜೋತುಬಿದ್ದಿದ್ದೆ. ದಡದಲ್ಲಿ ನನ್ನ ಶಾಲೆಯ ಹೆಣ್ಣುಮಕ್ಕಳು ಸಾಲಾಗಿ ಕೂತು ನೋಡುತ್ತಿದ್ದರು.

"ಕೈ ಅಗಲಿಸಿ ಮೇಷ್ಟ್ರೇ. ಕೈ. ಅದು ಕಾಲು," ಅಂದ ಬಲೆಯವನು.

"ನೀನು ನನ್ನನ್ನು ತಿದ್ದುತ್ತಿದ್ದೀಯಾ?" ಅಂದೆ. ಬಾಯಿಗೆ ನೀರು ಹೋಯಿತು.

"ಅಯ್ಯೋ ನಾನ್ಯಾಕೆ ತಿದ್ದಲಿ? ಮುಳುಗ್ತೀರಿ ಅಂತ ಹೇಳಿದೆ ಅಷ್ಟೇ. ಮುಳುಗೋದು ಬಿಡೋದು ನಿಮ್ಮಿಷ್ಟ."

ಮೊದಲ ದಿನವೇ ಒಂದು ಸಂಗತಿ ತಿಳಿಯಿತು. ಸೂರ್ಯ ಹುಟ್ಟುವ ಮೊದಲು ಕೆರೆಯ ನೀರು ತಣ್ಣಗಿರುತ್ತದೆ. ಬಹಳ ತಣ್ಣಗಿರುತ್ತದೆ. ಮೈಯ ಎಲುಬುಗಳನ್ನು ಒಂದೊಂದಾಗಿ ಎಣಿಸಿಕೊಳ್ಳುವಷ್ಟು ತಣ್ಣಗಿರುತ್ತದೆ. ಇಪ್ಪತ್ತಮೂರು ವರ್ಷ ನಾನು ಅದನ್ನು ಜಗಲಿಯ ಮೇಲಿಂದ ತಿಳಿದುಕೊಂಡಿದ್ದೆ.

ಎರಡನೆಯದು ಕಷ್ಟವಾಗಿತ್ತು. ಊರಿನ ಪ್ರಕಾರ, ಒಬ್ಬರು ತಪ್ಪಾಡಿ, ಇನ್ನೊಬ್ಬರು ಅದನ್ನು ಸರಿಪಡಿಸಿ, ಮೂರನೆಯವರು ಕೇಳಿಸಿಕೊಂಡರೆ ಅದು ತಿದ್ದುವುದು. ಶಾಲೆಯಲ್ಲಿ ಮೂರನೆಯವರಿಗೆ ಬರವಿಲ್ಲ. ಏಳೆಂಟಲ ಐವತ್ತನಾಲ್ಕು ಎಂದು ಬರೆದ ಹಲಗೆಯನ್ನು ನನ್ನ ಮುಂದೆ ಹಿಡಿದರೆ ನಾನು ಎರಡೂ ಕೈಗಳ ಮೇಲೆ ಕೂತು "ಹಾಗೋ?" ಎನ್ನುತ್ತಿದ್ದೆ. ಮೂರು ದಿನದಲ್ಲಿ ಮಕ್ಕಳಿಗೆ ವಿಷಯ ಗೊತ್ತಾಯಿತು.

"ಮೇಷ್ಟ್ರೇ, ಸೂರ್ಯ ಪಡುವಣದಲ್ಲಿ ಹುಟ್ತಾನೆ ಅಲ್ವಾ?"

"ಹಾಗೋ?"

"ಮೇಷ್ಟ್ರೇ, ಹಸುಗೆ ಆರು ಕಾಲು ಅಲ್ವಾ?"

"ಹಾಗೋ?"

"ಮೇಷ್ಟ್ರೇ, ಇವತ್ತು ರಜ ಅಂತ ನೀವೇ ನಿನ್ನೆ ಹೇಳಿದ್ರಲ್ವಾ?"

ಅವತ್ತು ರಜವಾಯಿತು.

ಸಂಜೆ ಮನೆಗೆ ಬಂದು ಅಕ್ಕ ಅಕ್ಕಿ ತುಂಬಿಡುತ್ತಿದ್ದ ದೊಡ್ಡ ಮಡಕೆಯ ಮುಚ್ಚಳ ತೆಗೆದು, ಬಾಯಿಯೊಳಗೆ ತಲೆ ಇಟ್ಟು, ಐವತ್ತಾರು, ಮೂಡಣ, ನಾಲ್ಕು ಎಂದು ಹೇಳಿ ಮುಚ್ಚಿಡುತ್ತಿದ್ದೆ. ಮಡಕೆ ಮೂರನೆಯವರಲ್ಲ ಎಂಬುದನ್ನು ಮೊದಲೇ ಯೋಚಿಸಿ ಖಚಿತಪಡಿಸಿಕೊಂಡಿದ್ದೆ. ನಲವತ್ತು ದಿನ ಆ ಅಕ್ಕಿಯನ್ನೇ ಬೇಯಿಸಿ ತಿಂದೆ. ಒಂದೊಂದು ತುತ್ತಿನಲ್ಲೂ ಸರಿಯಾದ ಉತ್ತರದ ರುಚಿಯಿತ್ತು, ಅಂದರೆ ರುಚಿಯೇ ಇರಲಿಲ್ಲ.

ಊರು ಬೆಳಿಗ್ಗೆ ಗಂಟೆಯಿಲ್ಲದೆ ಏಳುತ್ತಿತ್ತು. ಹಾಲಿನವಳು ಕೂಗಿದಾಗ ಕೆಲವರು, ಮೂಗಿಗೆ ಬಿಸಿಲು ಬಿದ್ದಾಗ ಕೆಲವರು. ನಾನು ಕಾಣಿಸಿದರೆ ಜನ ಮಾತು ನಿಲ್ಲಿಸಿ, ಬೇಕೆಂದೇ ಒಂದು ತಪ್ಪಾಡಿ, ನನ್ನ ಮುಖ ನೋಡುತ್ತಿದ್ದರು. ದರ್ಜಿ ನನ್ನ ಅಂಗಿಗೆ ಎಡಗಡೆ ಮೂರು ಗುಂಡಿ, ಬಲಗಡೆ ಐದು ಕಾಜ ಹಾಕಿ ಕೊಟ್ಟ. ನಾನು ಹಣೆಗೆ ಕೈ ಹಚ್ಚಿ ನಮಸ್ಕಾರ ಮಾಡಿ ತೊಟ್ಟುಕೊಂಡೆ. ಬರೆಯುವ ದಿನದವರೆಗೂ ಅದನ್ನೇ ತೊಟ್ಟಿದ್ದೆ.

ಮೂವತ್ತೆಂಟನೆಯ ದಿನ ಬುರುಡೆಗಳಿಲ್ಲದೆ ಬಂಡೆಯವರೆಗೆ ಈಜಿದೆ. ಬಲೆಯವನು ಹಿಂದೆಯೇ ಬರುತ್ತಿದ್ದ, ನನಗೆ ಮರ್ಯಾದೆ ಉಳಿಯುವಷ್ಟು ದೂರದಲ್ಲಿ. ಬಂಡೆ ಹತ್ತಿ ಗಂಟೆಯ ಕೆಳಗೆ ಕೂತೆ. ಬಾರಿಸುವ ಹಕ್ಕು ಇನ್ನೂ ನನಗಿರಲಿಲ್ಲ, ಬಾರಿಸಲಿಲ್ಲ. ಹಗ್ಗವನ್ನು ಮಾತ್ರ ನೋಡಿದೆ. ಗಂಟೆಯ ನಾಲಗೆಗೆ ಹಗ್ಗ ಕಟ್ಟಿದ್ದ ಗಂಟು ತಪ್ಪಾಗಿತ್ತು. ಕೊನೆಯ ಸುತ್ತು ಒಳಗಿನಿಂದ ಬರಬೇಕು, ಹೊರಗಿನಿಂದ ಬಂದಿತ್ತು. ಅಕ್ಕನಿಗೆ ಆ ಗಂಟನ್ನು ನಾನೇ ಕಲಿಸಿದ್ದೆ, ಅಡುಗೆಮನೆಯ ಕಂಬಕ್ಕೆ ಹಗ್ಗ ಕಟ್ಟಿ, ಮೂರು ಸಲ. ಮೂರು ಸಲವೂ "ಗೊತ್ತಾಯ್ತು ಬಿಡೋ" ಅಂದಿದ್ದಳು. ತಪ್ಪು ಗಂಟು ಇಪ್ಪತ್ತಮೂರು ವರ್ಷ ಬಿಚ್ಚಿರಲಿಲ್ಲ.

ನನ್ನ ಬೆರಳುಗಳು ಗಂಟಿನ ಹತ್ತಿರ ಹೋದವು. ಬಂಡೆಯ ಮೇಲೆ ಬೇರೆ ಯಾರೂ ಇರಲಿಲ್ಲ, ಬಲೆಯವನು ಕೆಳಗೆ ನೀರಿನಲ್ಲಿದ್ದ, ಅದು ಲೆಕ್ಕಕ್ಕೆ ಬರುತ್ತಿರಲಿಲ್ಲ. ನಾನು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಸೂರ್ಯ ಹುಟ್ಟುವವರೆಗೂ ಕೂತಿದ್ದು ವಾಪಸು ಈಜಿದೆ.

ಬರೆಯುವ ದಿನ ಬಂತು. ಸುಣ್ಣದವಳು ಗೂಡಿನಿಂದ ಸುಣ್ಣದ ಬುಟ್ಟಿಗಳನ್ನು ಹೊತ್ತು ತಂದಳು. ಕಣ ಸಾರಿಸಿ ಒಣಗಿತ್ತು. ಊರೆಲ್ಲ ಸುತ್ತ ನಿಂತಿತ್ತು. ಬೇರೆ ಕಟ್ಟಳೆಗಳು ಮುಗಿದು ಗಂಟೆಯದು ಬಂದಾಗ ನಾನು ಹಗ್ಗವನ್ನು ಕೆಳಗಿಟ್ಟೆ. ತನ್ನ ಜಾಗ ತಾನೇ ಬರೆದುಕೊಳ್ಳುವ ಮೊದಲು ಕರೆಸಿಕೊಳ್ಳಬೇಕು. ತೆಳ್ಳಗೆ ಸಾರಿಸಿದ ಸಗಣಿಯ ಕೆಳಗೆ ಕಳೆದ ವರ್ಷದ ಗೆರೆಗಳು ಇನ್ನೂ ಮಸುಕಾಗಿ ಕಾಣುತ್ತಿದ್ದವು. ಮೂರು ಹೆಜ್ಜೆ ಅಗಲದ ಆ ಜಾಗದಲ್ಲಿ ಕೆಮ್ಮಣ್ಣು ಬಣ್ಣಗೆಟ್ಟಿತ್ತು.

ಯಜಮಾನ ಕೇಳಿದ. "ಈಜಿದ್ದನ್ನು ಯಾರು ಕಂಡಿರಿ?"

"ನಾನು ಕಂಡೆ. ಈಜು ಅಂತ ಕರೆಯೋದಾದ್ರೆ," ಅಂದ ಬಲೆಯವನು.

"ಕರೆಯಬಹುದೇ?"

"ಮುಳುಗಲಿಲ್ಲ ಯಜಮಾನ್ರೇ. ದಡದಿಂದ ಹೊರಟು ಬಂಡೆ ಮುಟ್ಟಿದ್ರು."

"ನಲವತ್ತು ದಿನದಲ್ಲಿ ತಿದ್ದಿದ್ದನ್ನು ಯಾರಾದರೂ ಕೇಳಿದಿರಾ?"

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದರ್ಜಿ ನನ್ನ ಅಂಗಿ ನೋಡಿ ತಲೆ ತಗ್ಗಿಸಿದ. ಯಾರೂ ಕೇಳಿರಲಿಲ್ಲ.

"ಹಾಗಾದರೆ ಕರಿ," ಅಂದ ಯಜಮಾನ.

ಒಂದು ಜಾಗಕ್ಕೆ ಹೊಸಬರನ್ನು ಕರೆಯುವ ಮೊದಲು, ಅಲ್ಲಿ ಹಿಂದೆ ನಿಂತವರನ್ನು ನೆನೆದು ಬೀಳ್ಕೊಡಬೇಕು. ಕರೆಯುವವಳು ಎರಡೂ ಕೈ ಎತ್ತಿದಳು. ನಾನು ನಡೆಯಲು ಶುರುಮಾಡಿದೆ. ತಿದ್ದುವವರ ಹಳೆಯ ಗೆರೆ ದಾಟಿ ಆಚೆ ಬಂದೆ. ಬೇಗ ಏಳುವವರ ಬಳೆಯ ನಡುವೆ ಬಂದೆ. ಕೆಂಪು ಜಾಗಕ್ಕೆ ಇನ್ನು ಎರಡು ಹೆಜ್ಜೆ.

"ಇಲ್ಲಿ ನಿಂತಿದ್ದವಳು ಮೇಷ್ಟರ ಅಕ್ಕ," ಎಂದು ಅವಳು ಹಾಡುವ ದನಿಯಲ್ಲಿ ಕೂಗಿದಳು. "ಊರನ್ನ ಎಬ್ಬಿಸಿದವಳು. ನೀರನ್ನ ದಾಟಿದವಳು. ಯಾರ ತಪ್ಪನ್ನೂ ಎತ್ತಿ ಆಡದವಳು. ಇಪ್ಪತ್ತೆರಡು ವರ್ಷ ಇಲ್ಲಿ ನಿಂತವಳು."

"ಇಪ್ಪತ್ತಮೂರು," ಅಂದೆ.

ನಾನು ಜೋರಾಗಿ ಹೇಳಲಿಲ್ಲ. ಜೋರಾಗಿ ಹೇಳುವ ಅಗತ್ಯವೂ ಇರಲಿಲ್ಲ. ಇಡೀ ಊರು ಮೂರನೆಯವರಾಗಿ ಸುತ್ತ ನಿಂತಿತ್ತು.

ಮೊದಲು ನಕ್ಕದ್ದು ಯಾರೋ ಹುಡುಗಿ. ಆಮೇಲೆ ದರ್ಜಿ. ಆಮೇಲೆ ಕಟ್ಟೆಯ ಮುದುಕರು, ತಮ್ಮವನೊಬ್ಬ ಮನೆಗೆ ಮರಳಿದ ಸಂತೋಷದಿಂದ. ಕರೆಯುವವಳು ನಗಲಿಲ್ಲ. ಕೈ ಇಳಿಸಿ, "ನನಗೆ ಸಂಖ್ಯೆ ನಿಲ್ಲೋದಿಲ್ಲ ಮೇಷ್ಟ್ರೇ, ನಿಮಗೆ ಗೊತ್ತಲ್ಲ," ಅಂದಳು. ಅವಳ ಕಣ್ಣು ಒದ್ದೆಯಾಗಿತ್ತು.

"ಗೊತ್ತು," ಅಂದೆ. "ಇಪ್ಪತ್ತೆರಡು ಅಂತಲೇ ಬಿಡಬಹುದಿತ್ತು. ಆದರೆ ಒಂದು ವರ್ಷ ಎಲ್ಲಿ ಹೋಗುತ್ತದೆ?"

ಇದಕ್ಕೆ ಯಾರೂ ನಗಲಿಲ್ಲ. ನಲವತ್ತು ದಿನ ಸೂರ್ಯನನ್ನು ಪಡುವಣದಲ್ಲಿ ಹುಟ್ಟಲು ಬಿಟ್ಟವನು ಅಕ್ಕನ ಒಂದು ವರ್ಷವನ್ನು ಬಿಟ್ಟುಕೊಡಲಾರದೆ ಹೋದೆ. ಆ ಜಾಗವನ್ನು ಉಳಿಸಲು ಬೇಕಾಗಿದ್ದದ್ದು ಎರಡು ಹೆಜ್ಜೆ ಮತ್ತು ಮುಚ್ಚಿದ ಬಾಯಿ. ಎರಡು ಹೆಜ್ಜೆ ಇಡಲು ನನಗೆ ಚೆನ್ನಾಗಿ ಬರುತ್ತದೆ.

ಯಜಮಾನ ಗಂಟಲು ಸರಿಪಡಿಸಿಕೊಂಡ. "ಸರಿ ಮೇಷ್ಟ್ರೇ. ಗೂಟ ಸರಿಸಿ. ಈಜುವವರದು ಏಳು ಹೆಜ್ಜೆ ಆಚೆಗೆ."

ನಾನು ಗೂಟ ಕಿತ್ತೆ. ಏಳು ಹೆಜ್ಜೆ ನಡೆದೆ. ಗೂಟ ಇಟ್ಟು ಕಲ್ಲೆತ್ತಿದೆ. ಕಲ್ಲು ಮೇಲೆಯೇ ಉಳಿಯಿತು.

"ಏನಾಯ್ತು?" ಅಂದ ಯಜಮಾನ.

"ನಾನು ಎಲ್ಲಿ ನಿಲ್ಲಬೇಕು?"

"ನೀವು ಯಾವಾಗಲೂ ನಿಲ್ಲೋ ಕಡೆ. ನನ್ನ ಪಕ್ಕ. ಬೇಗ ಏಳೋರು, ತಿದ್ದೋರು."

"ನಾನು ಈಗ ಈಜುತ್ತೇನೆ," ಅಂದೆ.

ಬಲೆಯವನು, "ಅದು ನಿಜ, ಒಂಥರಾ ಈಜ್ತಾರೆ," ಅಂದ. ಬೇಗ ಏಳುವ, ಈಜುವ, ತಿದ್ದುವ ಮನುಷ್ಯ ಊರಿನಲ್ಲಿ ಹಿಂದೆಂದೂ ಇರಲಿಲ್ಲ. ಯಾರಾದರೂ ನಿಂತ ಜಾಗಕ್ಕೆ ಗೆರೆ ಇರಲೇಬೇಕು. ಮೂರು ಬಳೆಗಳೂ ಕೂಡುವ ಒಂದು ಜಾಗ ಬರೆಯದೆ ಈಗ ದಾರಿಯಿರಲಿಲ್ಲ, ಮತ್ತು ಅದನ್ನು ಬರೆಯಬೇಕಾದವನು ನಾನೇ.

ಬರೆದೆ. ಬೇಗ ಏಳುವವರ ಬಳೆ, ತಿದ್ದುವವರ ಬಳೆ, ಇವೆರಡೂ ಇದ್ದ ಹಾಗೇ ಇರಲಿ ಎಂದು ಬಿಟ್ಟೆ. ಅವು ಕೂಡುವ ಜಾಗದಲ್ಲಿ ಯಜಮಾನ, ದರ್ಜಿ ನಿಂತಿದ್ದರು. ಈಜುವವರ ಬಳೆಯ ಒಂದು ಅಂಚನ್ನು ಅವರ ಜಾಗದೊಳಗೆ ತರಬೇಕು, ಆ ಅಂಚಿನೊಳಗೆ ನಾನು. ಇಷ್ಟೇ. ಬೇರೆ ಯಾವ ಖಾಲಿ ಜಾಗವೂ ಹುಟ್ಟಬಾರದು. ಬಲದಿಂದ ತಂದೆ. ಬರುವ ದಾರಿಯಲ್ಲಿ ಅದು ಬೇಗ ಏಳುವವರ ಬಳೆಯನ್ನು ದಾಟಿ, ಅಕ್ಕನ ಜಾಗ ಮತ್ತೆ ಹುಟ್ಟಿತು. ಅಳಿಸಿದೆ. ಸುತ್ತಿಬಳಸಿ ಎಡದಿಂದ ತಂದೆ. ತಿದ್ದುವವರ ಬಳೆಯನ್ನು ದಾಟಿ ಇನ್ನೊಂದು ಖಾಲಿ ಜಾಗ ಹುಟ್ಟಿತು. ಅಳಿಸಿದೆ. ಎರಡು ಬಳೆಗಳು ಸೇರುವ ಮೂಲೆಯಿಂದ ತಂದೆ. ಆ ಕಡೆ ಒಂದು, ಈ ಕಡೆ ಒಂದು, ಎರಡು ಹುಟ್ಟಿದವು. ಹಗ್ಗ ಚಿಕ್ಕದು ಮಾಡಿದೆ, ದೊಡ್ಡದು ಮಾಡಿದೆ. ಹನ್ನೊಂದು ಸಲ ಬರೆದು ಹನ್ನೊಂದು ಸಲ ಅಳಿಸಿದೆ. ಇದರಲ್ಲಿ ಮೋಸವಿರಲಿಲ್ಲ. ಖಾಲಿ ಜಾಗವಿಲ್ಲದೆ ಬರೆಯಲು ನಾನು ನಿಜವಾಗಿಯೇ ಪ್ರಯತ್ನಿಸಿದೆ. ಸರಿಯಾಗಿ ಬರೆಯುವ ಅವಕಾಶ ಸಿಕ್ಕರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ.

"ಮೇಷ್ಟ್ರೇ," ಅಂದಳು ಸುಣ್ಣದವಳು, "ಮೂರು ದಿನ ಗೂಡು ಉರಿಸಿ ಮಾಡಿದ ಸುಣ್ಣ, ನೀವು ಒಂದು ಮಧ್ಯಾಹ್ನದಲ್ಲಿ ಅಂಗಾಲಿಗೆ ಬಳಿದುಕೊಂಡ್ರಿ. ಇನ್ನು ಅರ್ಧ ಬುಟ್ಟಿ ಇದೆ. ಅದಾದ ಮೇಲೆ ಹಿಟ್ಟು ತರಬೇಕಾಗುತ್ತೆ."

ನಾನು ಹಗ್ಗ ಸುತ್ತಿಕೊಂಡು ಯಜಮಾನನ ಮುಂದೆ ನಿಂತೆ. "ಆಗುವುದಿಲ್ಲ. ಒಂದು ಖಾಲಿ ಜಾಗ ಉಳಿಯಲೇಬೇಕು."

"ಯಾಕೆ?"

"ನನ್ನ ಜಾಗಕ್ಕೆ ಬರಲು ಈಜುವವರ ಬಳೆ ಎರಡು ಬಳೆಗಳನ್ನ ದಾಟಬೇಕು. ಒಂದನ್ನ ಮೊದಲು ದಾಟುತ್ತದೆ, ಇನ್ನೊಂದನ್ನ ಆಮೇಲೆ. ಆ ನಡುವೆ ಒಂದು ಜಾಗ ಹುಟ್ಟುತ್ತದೆ. ಎರಡನ್ನೂ ಒಟ್ಟಿಗೆ ದಾಟಬೇಕೆಂದರೆ ಮೂಲೆಯಿಂದ ಬರಬೇಕು. ಮೂಲೆ ಒಂದು ಚುಕ್ಕೆ. ಚುಕ್ಕೆಯೊಳಗಿಂದ ತೂರಲು ಬಳೆ ಸೂಜಿಯಲ್ಲ, ಅದಕ್ಕೆ ಹೊಟ್ಟೆಯಿದೆ."

ನಾನು ಬಳೆ ಅಂದದ್ದನ್ನು ಮಕ್ಕಳು ಗಮನಿಸಿದರು. ಯಾರೂ ತಿದ್ದಲಿಲ್ಲ.

ಯಜಮಾನ ಗೆರೆಗಳನ್ನು ದಿಟ್ಟಿಸಿದ. ಅವನೂ ತಿದ್ದುವವನೇ. ನನ್ನ ಮಾತಿನಲ್ಲಿ ತಪ್ಪು ಹುಡುಕಲು ಅವನಿಗೆ ಬಹಳ ಇಷ್ಟವಿತ್ತು. ಕಡ್ಡಿಯಿಂದ ನೆಲದ ಮೇಲೆ ತಾನೇ ಐದಾರು ಸಲ ಗೀಚಿ ನೋಡಿದ. ಕಡ್ಡಿ ಮುರಿಯಿತು.

"ನಿಯಮ?" ಅಂದ.

"ನಿಯಮದ ಒಂದು ಅರ್ಧ ನನ್ನ ಜಾಗ ಬರೆಯಲೇಬೇಕು ಅನ್ನುತ್ತದೆ. ಇನ್ನೊಂದು ಅರ್ಧ ಖಾಲಿ ಬಿಡಬಾರದು ಅನ್ನುತ್ತದೆ. ನಾನು ಹೊಳೆಯಾಚೆಯ ಊರಿಗೆ ಹೋಗಿಬಿಟ್ಟರೆ ಎರಡೂ ಸರಿಹೋಗುತ್ತವೆ."

"ಹೋಗಿ ಅಲ್ಲೂ ತಿದ್ದುತ್ತೀರಿ. ಆ ಪಾಪ ನಮಗೆ ಬೇಡ." ಅವನು ಮುರಿದ ಕಡ್ಡಿ ಎಸೆದ. "ಖಾಲಿ ಜಾಗ ಎಷ್ಟು?"

"ಒಂದೇ ಸಾಕು. ಈ ಕಡೆಯಿಂದ ಬಂದರೆ ಈ ಕಡೆ. ಆ ಕಡೆಯಿಂದ ಬಂದರೆ ಆ ಕಡೆ."

"ಆ ಕಡೆ ಬಿಟ್ಟರೆ ಅದು ಯಾರದ್ದು?"

"ಈಜುವ, ತಿದ್ದುವ, ತಡವಾಗಿ ಏಳುವವರದ್ದು. ಅಂಥವರು ಯಾರೂ ಇಲ್ಲ. ಎಂದೂ ಇರಲಿಲ್ಲ."

"ಈ ಕಡೆ ಬಿಟ್ಟರೆ?"

ನಾನು ಹಗ್ಗದ ಸುತ್ತು ಬಿಚ್ಚಿ ಮತ್ತೆ ಸುತ್ತಿಕೊಂಡೆ. ಆ ನಲವತ್ತು ದಿನ ಬಿಟ್ಟರೆ, ಉತ್ತರ ಗೊತ್ತಿದ್ದೂ ನಾನು ಹೇಳದೆ ಇದ್ದದ್ದು ಅದೇ ಮೊದಲು. ಕರೆಯುವವಳೇ ಹೇಳಿದಳು. "ಈ ಕಡೆ ಬಿಟ್ರೆ ಅದು ಕೆಂಪಾಗುತ್ತೆ ಯಜಮಾನ್ರೇ. ಕೆಂಪಿರೋವರೆಗೂ ಗಂಟೆ ಇಳಿಸೋ ಹಾಗಿಲ್ಲ."

"ಬಾರಿಸೋರು ಯಾರು?"

"ಯಾರೂ ಇಲ್ಲ."

ಯಜಮಾನ ಆಕಾಶ ನೋಡಿದ. ಬಿಸಿಲು ಇಳಿಯುತ್ತಿತ್ತು. ಹಾಲಿನವಳು ಎಮ್ಮೆ ಕರೆಯುವ ಹೊತ್ತಾಯಿತೆಂದು ಗೊಣಗುತ್ತಿದ್ದಳು. ಬಲೆಯವರು ನಿಂತಲ್ಲೇ ಆಕಳಿಸುತ್ತಿದ್ದರು.

"ನಾನು ನಸುಕಿನಲ್ಲಿ ಎದ್ದವನು," ಅಂದ ಯಜಮಾನ. "ಗೆರೆ ಎಳೆಯೋದು ನಿಮ್ಮ ಕೆಲಸ. ಕತ್ತಲಾಗೋದರೊಳಗೆ ಮುಗಿಸಿ."

ನಾನು ಗೂಟ ನೆಟ್ಟೆ. ಕಲ್ಲಿನಿಂದ ಹೊಡೆದು ಗಟ್ಟಿ ಮಾಡಿದೆ. ಎರಡು ಗೆರೆಗಳು ಒಂದಕ್ಕೊಂದು ಹತ್ತಿರವಾಗುತ್ತ ಬರುವ ಕಡೆ, ಮೂಲೆಗೆ ತುಸು ಈಚೆ, ಮಂಡಿಯೂರಿ ಕೂತು ಕೈಯಿಂದ ಅಳೆದೆ. ಹಗ್ಗದ ಉದ್ದ ನಿಗದಿ ಮಾಡಿ ಗಂಟು ಹಾಕಿದೆ. ಗಂಟಿನ ಕೊನೆಯ ಸುತ್ತನ್ನು ಹೊರಗಿನಿಂದ ತಂದೆ. ಉಳಿದಿದ್ದ ಅರ್ಧ ಬುಟ್ಟಿ ಸುಣ್ಣವನ್ನು ಸುಣ್ಣದವಳು ನನ್ನ ತೋಳಿಗೆ ಕೊಟ್ಟಳು. ಒಂದು ಸುತ್ತು ನಡೆದೆ. ಸುಣ್ಣ ಸರಿಯಾಗಿ ಸಾಕಾಯಿತು.

ಬಲೆಯವರು ತಮ್ಮ ಜಾಗದಲ್ಲಿ ನಿಂತರು. ನಾನು ನನ್ನ ಜಾಗದಲ್ಲಿ ನಿಂತೆ. ಕರೆಯುವವಳು ಕೆಮ್ಮಣ್ಣಿನ ತಟ್ಟೆ ಹಿಡಿದು ಬಂದು, ನನ್ನ ಪಕ್ಕದ ಗೆರೆಯಾಚೆ ಬಗ್ಗಿ, ಒಂದು ಹಿಡಿ ಚೆಲ್ಲಿದಳು. ಒಂದು ಹಿಡಿ ಸಾಕಾಯಿತು.

ಆ ಜಾಗದ ಅಗಲ ಒಂದು ಗೇಣಿಗೆ ಎರಡು ಬೆರಳು ಕಡಿಮೆ.